ಮಾಸಿನ ಜೀವಕೋಶಗಳಿಗೆ ಪ್ರತಿಕಾಯಗಳಿಂದಾಗುವ ಪೆಟ್ಟು: ಪದೇ ಪದೇ ಕೇಳುವ ಪ್ರಶ್ನೆಗಳು

"ರಕ್ತ ಹೆಪ್ಪುಗಟ್ಟುವ ತೊಂದರೆ ಇದೆ, ಅದಕ್ಕೇ ಗರ್ಭ ನಿಲ್ಲುತ್ತಿಲ್ಲ." ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಪಾಸಿಟಿವ್ ಬಂದವರಿಗೆ ಸಾಮಾನ್ಯವಾಗಿ ಸಿಗುವ ವಿವರಣೆ ಇಷ್ಟೇ. ಇದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಎಷ್ಟೋ ಸಲ ಹೆಪ್ಪು ಕಾಣಿಸಿಕೊಳ್ಳುವ ಮೊದಲೇ ಮಾಸಿನ, ಅಂದರೆ ಹೊಟ್ಟೆಯಲ್ಲಿ ಮಗುವಿಗೆ ಆಹಾರ ಒದಗಿಸುವ ಜರಾಯುವಿನ, ಜೀವಕೋಶಗಳು ಪೆಟ್ಟು ತಿಂದಿರುತ್ತವೆ. ಪರೀಕ್ಷೆ ಏಕೆ ಎರಡು ಸಲ, ಚುಚ್ಚುಮದ್ದು ಏಕೆ ಅಷ್ಟು ಬೇಗ, ಏಳೆಂಟು ತಿಂಗಳಾದರೂ ಸ್ಕ್ಯಾನ್ ಏಕೆ ಬಿಡುವುದಿಲ್ಲ ಎಂಬುದೆಲ್ಲ ಇದೊಂದನ್ನು ಹಿಡಿದುಕೊಂಡರೆ ಅರ್ಥವಾಗುತ್ತದೆ. ಇದು ವಿಷಯ ತಿಳಿಯಲೆಂದು ಬರೆದದ್ದು. ಮದ್ದು, ಡೋಸು ನಿಮ್ಮ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದವು.

ಪ್ರತಿಕಾಯ ಅಂದರೆ ಸೋಂಕಿನಿಂದ ಕಾಪಾಡುವುದಲ್ಲವೇ? ಅದು ಕೆಡುಕು ಮಾಡುವುದು ಹೇಗೆ?

ಕಾಪಾಡುವುದೇ ಅದರ ಕೆಲಸ. ವೈರಸ್ಸು, ಬ್ಯಾಕ್ಟೀರಿಯಾದ ಮೇಲ್ಮೈಯಲ್ಲಿರುವ ಒಂದು ಆಕಾರವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನು ಅದು. ಕೆಲವರಲ್ಲಿ ಈ ಗುರುತು ತಪ್ಪಿ, ಸ್ವಂತ ದೇಹದ ಪ್ರೋಟೀನಿಗೇ ಅಂಟುವ ಪ್ರತಿಕಾಯಗಳು ತಯಾರಾಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಬಸುರಿನ ಮಟ್ಟಿಗೆ ಇವುಗಳಲ್ಲಿ ಮುಖ್ಯವಾದದ್ದು ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳ ಗುಂಪು. ಹೆಸರಿನಲ್ಲಿ ಫಾಸ್ಫೋಲಿಪಿಡ್ ಇದೆ, ಅಂದರೆ ಜೀವಕೋಶದ ಪೊರೆಯ ಕೊಬ್ಬು. ಆದರೆ ಹೆಚ್ಚು ಹಾನಿ ಮಾಡುವ ಪ್ರತಿಕಾಯಗಳು ಆ ಕೊಬ್ಬಿಗೆ ನೇರವಾಗಿ ಅಂಟುವುದಿಲ್ಲ. ಬೀಟಾ-2 ಗ್ಲೈಕೊಪ್ರೋಟೀನ್-1 ಎಂಬ ರಕ್ತದ ಪ್ರೋಟೀನು ಮೊದಲು ಕೊಬ್ಬಿನ ಮೇಲೆ ಕೂರುತ್ತದೆ, ಪ್ರತಿಕಾಯ ಬಂದು ಅದನ್ನು ಹಿಡಿಯುತ್ತದೆ. ಇದು ಗೊತ್ತಾದದ್ದು 1990ರಲ್ಲಿ. ಅಷ್ಟರಲ್ಲಿ ಹೆಸರು ಊರಿಗೆಲ್ಲ ಹಬ್ಬಿ ಆಗಿತ್ತು, ಬದಲಾಯಿಸಲಾಗಲಿಲ್ಲ.

ಮಾಸು ತಾಯಿಯದೋ, ಮಗುವಿನದೋ?

ಕೆಲವರು ಕಸ ಎನ್ನುತ್ತಾರೆ, ಪುಸ್ತಕಗಳಲ್ಲಿ ಜರಾಯು. ಹೆರಿಗೆಯಾದ ಮೇಲೆ ಎಸೆಯುವ ವಸ್ತು ಎಂದು ಬಗೆದದ್ದರಿಂದಲೋ ಏನೋ, ಅದರ ಬಗ್ಗೆ ನಾವು ಮಾತಾಡುವುದೇ ಕಡಿಮೆ. ಅದು ಬಹುಪಾಲು ಮಗುವಿನ ಕಡೆಯ ಅಂಗ. ಫಲಿತವಾದ ಅಂಡದಿಂದಲೇ ಬೆಳೆಯುತ್ತದೆ, ಅದರ ಅರ್ಧ ವಂಶವಾಹಿಗಳು ತಂದೆಯವು. ಆದರೆ ಅದನ್ನು ಸುತ್ತಲಿಂದ ತೊಳೆಯುತ್ತಿರುವುದು ತಾಯಿಯ ರಕ್ತ.

ಮೊದಲ ತಿಂಗಳುಗಳ ಮಾಸಿನ ತೆಳು ಸೀಳೊಂದನ್ನು ಮೈಕ್ರೋಸ್ಕೋಪಿನ ಕೆಳಗೆ ನೋಡಿದರೆ ಕವಲೊಡೆದ ಬೇರುಗಳನ್ನು ಅಡ್ಡ ಕತ್ತರಿಸಿಟ್ಟಂತೆ ಕಾಣುತ್ತದೆ. ಒಂದೊಂದು ಕವಲಿನ ಹೊರಗೂ ಒಂದು ಹೊದಿಕೆ. ವಿಚಿತ್ರವೆಂದರೆ ಆ ಹೊದಿಕೆಯಲ್ಲಿ ಜೀವಕೋಶಗಳ ನಡುವೆ ಗಡಿಯೇ ಇಲ್ಲ. ಸಾವಿರಾರು ಕೋಶಗಳು ಕರಗಿ ಒಂದಾಗಿ, ಬೀಜಕೇಂದ್ರಗಳು ಮಾತ್ರ ಚುಕ್ಕಿ ಚುಕ್ಕಿಯಾಗಿ ಉಳಿದ ಒಂದೇ ಹಾಳೆ ಅದು. ಹೆಸರು ಸಿನ್ಸಿಟಿಯೊಟ್ರೋಫೋಬ್ಲಾಸ್ಟ್. ಅದರ ಕೆಳಗೆ ಬಿಡಿಬಿಡಿ ಕೋಶಗಳ ಇನ್ನೊಂದು ಸಾಲು, ಮೇಲಿನ ಹಾಳೆ ಸವೆದಂತೆಲ್ಲ ಹೋಗಿ ಬೆರೆಯಲು ಕಾದಿರುವ ಮರಿ ಕೋಶಗಳು. ಕವಲುಗಳ ತುದಿಯಲ್ಲಿ ಮತ್ತೊಂದು ಬಗೆಯವು ಗುಂಪುಗಟ್ಟಿ ನಿಂತಿರುತ್ತವೆ. ಇವು ಅಲ್ಲಿಂದ ಹೊರಟು ಗರ್ಭಕೋಶದ ಗೋಡೆಯೊಳಗೆ ನುಗ್ಗುತ್ತವೆ.

ಈ ನುಗ್ಗುವ ಕೋಶಗಳ ಕೆಲಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತಾಯಿಯ ಗರ್ಭಕೋಶದಲ್ಲಿ ಸುರುಳಿ ಸುತ್ತಿಕೊಂಡ ಸಣ್ಣ ರಕ್ತನಾಳಗಳಿವೆ. ಟ್ರೋಫೋಬ್ಲಾಸ್ಟ್ ಕೋಶಗಳು (ಮಾಸಿನ ಈ ಎಲ್ಲ ಬಗೆಯ ಕೋಶಗಳಿಗೂ ಇದೇ ಹೆಸರು) ಅವುಗಳ ಗೋಡೆಯ ಮಾಂಸ ತೆಗೆದು, ಕಿರಿದಾದ ನಾಳವನ್ನು ಅಗಲವಾದ, ಬಿಗಿದುಕೊಳ್ಳಲಾಗದ ಕಾಲುವೆಯನ್ನಾಗಿ ಮಾಡುತ್ತವೆ. ಸುಮಾರು 20 ವಾರದ ಹೊತ್ತಿಗೆ ಈ ಕೆಲಸ ಮುಗಿದಿರಬೇಕು. ತಿಂಗಳು ತುಂಬುವಾಗ ಅರ್ಧ ಕಿಲೋ ತೂಗುವ ಮಾಸಿಗೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ತಾಯಿರಕ್ತ ಬರುವುದು ಈ ಕಾಲುವೆಗಳಿಂದ.

ದೇಹದಲ್ಲಿ ಇಷ್ಟೆಲ್ಲ ಅಂಗಗಳಿರುವಾಗ ಪ್ರತಿಕಾಯಕ್ಕೆ ಮಾಸೇ ಏಕೆ ಬೇಕು?

ಒಳ್ಳೆಯ ಪ್ರಶ್ನೆ. ಇದನ್ನು ಕೇಳುವವರು ಕಡಿಮೆ.

ಜೀವಕೋಶದ ಪೊರೆಗೆ ಒಳಮೈ, ಹೊರಮೈ ಎಂದು ಎರಡಿವೆ. ಫಾಸ್ಫಾಟಿಡೈಲ್‌ಸೆರಿನ್ ಎಂಬ ಕೊಬ್ಬು ಸಾಮಾನ್ಯವಾಗಿ ಒಳಮೈಯಲ್ಲೇ ಇರುತ್ತದೆ. ಹೆಚ್ಚಾಗಿ ಕೋಶ ಸಾಯುವಾಗ ಹೊರಗೆ ತಿರುಗುತ್ತದೆ. ಮಾಸಿನ ವಿಷಯ ಬೇರೆ. ಮರಿ ಕೋಶಗಳು ಒಂದಕ್ಕೊಂದು ಬೆರೆತು ಹಾಳೆಯಾಗಬೇಕಾದರೆ ಈ ಕೊಬ್ಬು ಹೊರಮೈಗೆ ಬರಲೇಬೇಕು, ಅದೂ ಬದುಕಿರುವ, ಆರೋಗ್ಯವಾಗಿರುವ ಕೋಶಗಳಲ್ಲಿ. ಬೀಟಾ-2 ಗ್ಲೈಕೊಪ್ರೋಟೀನಿಗೆ ಕೂರಲು ಹದವಾದ ಜಾಗ ಅದು. ಹೀಗೆ ಬೆಳೆಯಲು ಮಾಸು ಮಾಡಿಕೊಂಡ ಏರ್ಪಾಡೇ ಅದನ್ನು ಪ್ರತಿಕಾಯಕ್ಕೆ ಒಡ್ಡುತ್ತದೆ. ಜೊತೆಗೆ ಟ್ರೋಫೋಬ್ಲಾಸ್ಟ್ ಕೋಶಗಳು ಈ ಪ್ರೋಟೀನನ್ನು ತಾವೂ ತಯಾರಿಸುತ್ತವೆ. ಹಾಗಾಗಿ ಒಬ್ಬಳ ರಕ್ತದಲ್ಲಿ ವರ್ಷಗಟ್ಟಲೆ ತೆಪ್ಪಗಿದ್ದ ಪ್ರತಿಕಾಯ ಬಸುರಾದಾಗ ಮೊದಲ ಸಲ ತನ್ನ ಗುಣ ತೋರಿಸುವುದುಂಟು.

ಅಂಟಿಕೊಂಡ ಮೇಲೆ ನಿಜವಾಗಿ ಆಗುವುದೇನು?

ಒಂದೇ ದಾರಿಯಲ್ಲ. ಈ ತನಕ ಗೊತ್ತಿರುವುದರಲ್ಲಿ ಮುಖ್ಯವಾದವನ್ನು ಹೇಳುತ್ತೇನೆ.

ಕೋಶಕ್ಕೆ ತಪ್ಪು ಕರೆ ಹೋಗುತ್ತದೆ. ಟ್ರೋಫೋಬ್ಲಾಸ್ಟ್ ಕೋಶಗಳ ಮೇಲೆ ಟಿಎಲ್‌ಆರ್-4 ಎಂಬ ಗ್ರಾಹಿ ಇದೆ. ಬ್ಯಾಕ್ಟೀರಿಯಾ ಬಂದಿತೆಂದು ಕೂಗಿ ಹೇಳುವ ಕಾವಲುಗಾರ ಅದು. ಮೊದಲ ಮೂರು ತಿಂಗಳ ಟ್ರೋಫೋಬ್ಲಾಸ್ಟ್ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ಬೀಟಾ-2 ಗ್ಲೈಕೊಪ್ರೋಟೀನಿನ ಪ್ರತಿಕಾಯ ಹಾಕಿದಾಗ, ಒಂದೂ ಬ್ಯಾಕ್ಟೀರಿಯಾ ಇಲ್ಲದಿದ್ದರೂ ಈ ಕಾವಲುಗಾರ ಕೂಗಿದ. ಕೋಶಗಳು ಐಎಲ್-8, ಐಎಲ್-1 ಬೀಟಾ ಮುಂತಾದ ಉರಿಯೂತದ ರಾಸಾಯನಿಕಗಳನ್ನು ಸುರಿಸಿದವು, ಅವುಗಳ ಆಯುಸ್ಸೂ ಕುಗ್ಗಿತು.

ಕೋಶಗಳ ನಡಿಗೆ ನಿಧಾನವಾಗುತ್ತದೆ. ಗೋಡೆಯೊಳಗೆ ನುಗ್ಗಬೇಕಾದವು ನಿಂತಲ್ಲೇ ನಿಲ್ಲುತ್ತವೆ. ಇದಕ್ಕೆ ಟಿಎಲ್‌ಆರ್-4 ಅಲ್ಲ, ಬೇರೆ ಗ್ರಾಹಿ ಕಾರಣ. ಎರಡು ಹಾನಿಗೆ ಎರಡು ಬಾಗಿಲು ಇರುವುದರಿಂದಲೇ ಒಂದು ಬಾಗಿಲು ಮುಚ್ಚುವ ಮದ್ದು ಇನ್ನೊಂದನ್ನು ಮುಚ್ಚುವುದಿಲ್ಲ. ಕಾಲುವೆ ಅಗಲವಾಗದಿದ್ದರೆ ಅದರ ಫಲ ಅಂದೇ ಕಾಣುವುದಿಲ್ಲ. ಮಗು ದೊಡ್ಡದಾಗಿ ಬೇಡಿಕೆ ಏರಿದಾಗ, ಆರನೆಯದೋ ಏಳನೆಯದೋ ತಿಂಗಳಲ್ಲಿ, ಬಿಪಿಯಾಗಿಯೋ ಮಗುವಿನ ತೂಕ ಏರದೆಯೋ ಕಾಣುತ್ತದೆ.

ಹಾಳೆಯ ಮರುಪೂರೈಕೆ ಕೆಡುತ್ತದೆ. ಮರಿ ಕೋಶಗಳು ಬೆರೆಯುವುದು ಕಡಿಮೆಯಾಗುತ್ತದೆ, ಬಸುರನ್ನು ನಿಲ್ಲಿಸಲು ಬೇಕಾದ ಎಚ್‌ಸಿಜಿ ಹಾರ್ಮೋನಿನ ಒಸರುವಿಕೆಯೂ ಇಳಿಯುತ್ತದೆ. ಪ್ರತಿಕಾಯಗಳು ಈ ಹಾಳೆಯ ಒಳಗೇ ಹೊಕ್ಕು ಮೈಟೋಕಾಂಡ್ರಿಯಾವನ್ನು, ಅಂದರೆ ಕೋಶಕ್ಕೆ ಶಕ್ತಿ ಒದಗಿಸುವ ಭಾಗವನ್ನು ಕೆಡಿಸುವುದೂ ಪ್ರಯೋಗಗಳಲ್ಲಿ ಕಂಡಿದೆ.

ಇನ್ನು ಕಾಂಪ್ಲಿಮೆಂಟ್. ರಕ್ತದಲ್ಲಿ ಸದಾ ತಯಾರಾಗಿ ನಿಂತಿರುವ ಪ್ರೋಟೀನುಗಳ ಸಾಲು ಇದು. ಪ್ರತಿಕಾಯ ಎಲ್ಲಾದರೂ ಅಂಟಿತೆಂದರೆ ಒಂದನ್ನೊಂದು ಎಬ್ಬಿಸುತ್ತಾ ಹೋಗಿ ಅಲ್ಲಿಗೆ ಬಿಳಿ ರಕ್ತಕಣಗಳನ್ನು ಕರೆಯುತ್ತವೆ, ಕೋಶದ ಪೊರೆಗೆ ತೂತು ಕೊರೆಯುತ್ತವೆ. ಮಾಸಿಗೆ ಈ ಅಪಾಯ ಗೊತ್ತಿದ್ದ ಹಾಗೆ, ಕಾಂಪ್ಲಿಮೆಂಟನ್ನು ತಡೆಯುವ ಪ್ರೋಟೀನುಗಳನ್ನು ಮೈತುಂಬ ಹೊದ್ದುಕೊಂಡಿರುತ್ತದೆ. ಇಲಿಗಳಲ್ಲಿ ಅಂಥ ಒಂದೇ ಒಂದು ರಕ್ಷಕ ಪ್ರೋಟೀನನ್ನು ವಂಶವಾಹಿ ಮಟ್ಟದಲ್ಲಿ ತೆಗೆದುಹಾಕಿದಾಗ ಭ್ರೂಣಗಳು ಉಳಿಯಲೇ ಇಲ್ಲ, ಯಾವ ಪ್ರತಿಕಾಯವನ್ನೂ ಚುಚ್ಚದಿದ್ದರೂ. ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಹೆಚ್ಚಿದ್ದಾಗ ಈ ಹೊದಿಕೆ ಸಾಲದಾಗುತ್ತದೆ.

ಹಾಗಾದರೆ ರಕ್ತ ಹೆಪ್ಪುಗಟ್ಟುವುದು ಕಾರಣವೇ ಅಲ್ಲವೇ?

ಅದೂ ಕಾರಣ. ಈ ಪ್ರತಿಕಾಯಗಳಿರುವವರಿಗೆ ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ, ಮಿದುಳಿನಲ್ಲಿ ಹೆಪ್ಪುಗಟ್ಟುವ ಅಪಾಯ ನಿಜವಾಗಿಯೂ ಇದೆ. ಮಾಸಿನಲ್ಲೂ ರಕ್ತ ಸಿಗದೆ ಸತ್ತ ಭಾಗಗಳು ಸಿಗುತ್ತವೆ. ಮಾಸಿನ ಮೇಲ್ಮೈಯಲ್ಲಿ ಅನೆಕ್ಸಿನ್ ಎ-5 ಎಂಬ ಪ್ರೋಟೀನು ಹಾಸುಗಂಬಳಿಯಂತೆ ಹಬ್ಬಿ, ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಪ್ರತಿಕಾಯಗಳು ಆ ಹಾಸನ್ನು ಕಿತ್ತುಹಾಕುತ್ತವೆ ಎಂಬ ವಿವರಣೆಗೂ ಆಧಾರವಿದೆ.

ಆದರೆ ಹೆಪ್ಪೊಂದೇ ಕಾರಣ ಎನ್ನುವುದಕ್ಕೆ ಮೂರು ಅಡ್ಡಿಗಳಿವೆ. ಇಂಥ ಬಸುರುಗಳ ಎಷ್ಟೋ ಮಾಸುಗಳಲ್ಲಿ ಹೇಳಿಕೊಳ್ಳುವಂಥ ಹೆಪ್ಪೇ ಸಿಗುವುದಿಲ್ಲ. ಎರಡನೆಯದು ಕಾಲದ ಲೆಕ್ಕ: ಮೊದಲ 10-12 ವಾರ ಸುರುಳಿ ನಾಳಗಳ ಬಾಯಿಗೆ ಟ್ರೋಫೋಬ್ಲಾಸ್ಟ್ ಕೋಶಗಳೇ ಬಿರಡೆ ಹಾಕಿರುತ್ತವೆ. ತಾಯಿಯ ರಕ್ತ ಇನ್ನೂ ಸರಿಯಾಗಿ ಹರಿಯಲು ಶುರುವಾಗಿರದ ಕಡೆ, ಏಳನೇ ವಾರದ ಗರ್ಭ ಕಳೆದುಹೋದದ್ದಕ್ಕೆ ಹರಿವು ಕಟ್ಟಿತೆಂದು ಹೇಳುವುದು ಹೇಗೆ?

ಮೂರನೆಯದು ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವ ಸಾಕ್ಷಿ. 2004ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗ ಅದು. ಬಸುರಿ ಇಲಿಗಳಿಗೆ ಮನುಷ್ಯರ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯ ಚುಚ್ಚಿದಾಗ ಮರಿಗಳು ಸತ್ತವು. ಹೆಪ್ಪು ತಡೆಯುವ ಹೆಪಾರಿನ್ ಕೊಟ್ಟಾಗ ಉಳಿದವು. ಸರಿ, ಹೆಪ್ಪು ತಡೆದದ್ದರಿಂದ ಉಳಿದವು ಎನ್ನೋಣವೇ? ಹೆಪಾರಿನ್ನಿಗೆ ಬದಲು ಹಿರುಡಿನ್, ಫೊಂಡಾಪಾರಿನಕ್ಸ್ ಕೊಟ್ಟು ನೋಡಿದರು. ಇವೂ ಹೆಪ್ಪು ತಡೆಯುವ ಮದ್ದುಗಳೇ, ಆದರೆ ಮರಿಗಳು ಉಳಿಯಲಿಲ್ಲ. ವ್ಯತ್ಯಾಸ ಇದ್ದದ್ದು ಒಂದರಲ್ಲಿ: ಹೆಪಾರಿನ್ ಕಾಂಪ್ಲಿಮೆಂಟನ್ನೂ ತಡೆಯುತ್ತದೆ, ಉಳಿದೆರಡು ತಡೆಯುವುದಿಲ್ಲ.

ಇಲಿಯೇ ಮನುಷ್ಯಳಲ್ಲ, ನಿಜ. ಆದರೂ "ರಕ್ತ ತೆಳ್ಳಗಾಗಲು ಇಂಜೆಕ್ಷನ್" ಎಂಬ ವಾಡಿಕೆಯ ಮಾತು ಆ ಹೆಪಾರಿನ್ ಸಿರಿಂಜು ಮಾಡುವ ಕೆಲಸದ ಅರ್ಧವನ್ನಷ್ಟೇ ಹೇಳುತ್ತದೆ.

ಬಸುರಿನಲ್ಲಿ ಇದರಿಂದ ಏನೇನು ತೊಂದರೆ ಬರಬಹುದು?

ಮತ್ತೆ ಮತ್ತೆ ಗರ್ಭಪಾತ. 10 ವಾರದ ನಂತರ, ಎದೆಬಡಿತ ಕಂಡು ಎಲ್ಲ ಸರಿಯಿದೆ ಅನ್ನುವಾಗ ಮಗು ಹೊಟ್ಟೆಯಲ್ಲೇ ಹೋಗುವುದು. ಪ್ರಿಎಕ್ಲಾಂಪ್ಸಿಯಾ, ಅಂದರೆ ಬಿಪಿ ಏರಿ ಮೂತ್ರಪಿಂಡ, ಯಕೃತ್ತು, ಮಿದುಳಿಗೆ ಪೆಟ್ಟು ಬೀಳುವ ಸ್ಥಿತಿ, ಅದೂ ಬೇಗನೆ, 34 ವಾರದೊಳಗೇ. ಮಗು ಬೆಳೆಯದಿರುವುದು. ಇವೆರಡರ ಕಾರಣಕ್ಕೆ ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವುದು. ತಾಯಿಗೆ ರಕ್ತನಾಳದಲ್ಲಿ ಹೆಪ್ಪು.

ನನಗೆ ಒಂದು ಸಲ ಗರ್ಭಪಾತವಾಗಿದೆ. ಪರೀಕ್ಷೆ ಮಾಡಿಸಬೇಕೇ?

10 ವಾರದೊಳಗಿನ ಒಂದೇ ಗರ್ಭಪಾತವಾದರೆ ಸಾಮಾನ್ಯವಾಗಿ ಬೇಡ. ಮೊದಲ ತಿಂಗಳುಗಳ ಬಹುಪಾಲು ಗರ್ಭಪಾತಗಳಿಗೆ ಭ್ರೂಣದ ವರ್ಣತಂತುಗಳ ಎಣಿಕೆ ತಪ್ಪಿರುವುದೇ ಕಾರಣ, ಪ್ರತಿಕಾಯವಲ್ಲ. ಮತ್ತೆ ಮತ್ತೆ ಆಗಿದ್ದರೆ, ಇಲ್ಲವೇ 10 ವಾರ ದಾಟಿದ, ನೋಡಲು ಸರಿಯಾಗಿಯೇ ಇದ್ದ ಮಗು ಒಂದೇ ಸಲ ಹೋಗಿದ್ದರೂ, ಅಥವಾ 34 ವಾರದೊಳಗೆ ತೀವ್ರ ಪ್ರಿಎಕ್ಲಾಂಪ್ಸಿಯಾ ಬಂದು ಹೆರಿಗೆಯಾಗಿದ್ದರೆ ಮಾಡಿಸಬೇಕು. ಲೂಪಸ್ (ಪ್ರತಿಕಾಯಗಳು ಸ್ವಂತ ದೇಹದ ಮೇಲೇ ತಿರುಗಿಬೀಳುವ ಒಂದು ಕಾಯಿಲೆ) ಇರುವವರು, ಈ ಹಿಂದೆ ಹೆಪ್ಪು ಕಟ್ಟಿದವರು ಬಸುರಿಗೆ ಮುಂಚೆಯೇ ಮಾಡಿಸುವುದು ಒಳ್ಳೆಯದು.

2006ರ ಸಿಡ್ನಿ ಮಾನದಂಡದಲ್ಲಿ 10 ವಾರದೊಳಗಿನ ಸತತ ಮೂರು ಗರ್ಭಪಾತಗಳಿಗೆ ದೊಡ್ಡ ಸ್ಥಾನವಿತ್ತು. 2023ರ ಹೊಸ ಮಾನದಂಡ ಅದಕ್ಕೆ ಬಹಳ ಕಡಿಮೆ ಅಂಕ ಕೊಟ್ಟಿದೆ. ಇದನ್ನು ಓದಿ "ನನ್ನ ಗರ್ಭಪಾತಗಳು ಲೆಕ್ಕಕ್ಕೇ ಇಲ್ಲವೇ" ಎಂದು ನೊಂದುಕೊಳ್ಳುವವರಿದ್ದಾರೆ. ಹಾಗಲ್ಲ. ಆ ಅಂಕಪಟ್ಟಿ ಸಂಶೋಧನೆಗೆ ಒಂದೇ ಬಗೆಯ ರೋಗಿಗಳನ್ನು ಆರಿಸಲು ಮಾಡಿದ್ದು. ಚಿಕಿತ್ಸೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕಲ್ಲ.

ಯಾವ ಪರೀಕ್ಷೆಗಳು? 12 ವಾರ ಬಿಟ್ಟು ಮತ್ತೆ ಏಕೆ?

ಮೂರು: ಲೂಪಸ್ ಆಂಟಿಕೋಗ್ಯುಲೆಂಟ್, ಆಂಟಿಕಾರ್ಡಿಯೊಲಿಪಿನ್, ಆಂಟಿ ಬೀಟಾ-2 ಗ್ಲೈಕೊಪ್ರೋಟೀನ್-1. ಕೊನೆಯ ಎರಡರಲ್ಲಿ ಐಜಿಜಿ, ಐಜಿಎಂ ಎಂಬ ಎರಡು ಬಗೆಯ ಪ್ರತಿಕಾಯಗಳನ್ನೂ ನೋಡುತ್ತಾರೆ.

ಜ್ವರ, ಸೋಂಕು ಬಂದಾಗ ಈ ಪ್ರತಿಕಾಯಗಳು ಸ್ವಲ್ಪ ಕಾಲ ಏರಿ ತಾವಾಗಿಯೇ ಇಳಿಯುವುದುಂಟು. ಅವು ಸಾಮಾನ್ಯವಾಗಿ ಮಾಸಿಗೆ ತೊಂದರೆ ಕೊಡುವಂಥವಲ್ಲ. ಕನಿಷ್ಠ 12 ವಾರದ ನಂತರವೂ ಇದ್ದರೆ ಮಾತ್ರ ಅದು ನೆಲೆಯೂರಿದ ಪ್ರತಿಕಾಯ. ರಿಪೋರ್ಟಿನಲ್ಲಿ ಬರೀ ಪಾಸಿಟಿವ್ ಎಂಬ ಪದ ನೋಡಬೇಡಿ, ಅಂಕಿ ನೋಡಿ. ಕೊನೆಯ ಎರಡು ಪರೀಕ್ಷೆಗಳಲ್ಲಿ 40 ಯೂನಿಟ್‌ಗಿಂತ ಕೆಳಗಿನದು ಅಲ್ಪ ಪ್ರಮಾಣ. 80ರ ಮೇಲೆ ಇದ್ದರೆ ಹೆಚ್ಚು. ಏನೂ ತೊಂದರೆಯಿಲ್ಲದ ಆರೋಗ್ಯವಂತರಲ್ಲೂ ನೂರಕ್ಕೆ ಒಬ್ಬರಿಂದ ಐವರಲ್ಲಿ ಅಲ್ಪ ಪ್ರಮಾಣ ಸಿಗುತ್ತದೆ.

ಲೂಪಸ್ ಆಂಟಿಕೋಗ್ಯುಲೆಂಟ್ ಪಾಸಿಟಿವ್ ಅಂದರೆ ನನಗೆ ಲೂಪಸ್ ಇದೆಯೇ? ರಕ್ತ ಹೆಪ್ಪುಗಟ್ಟುವುದಿಲ್ಲ ಅಂತಲೇ?

ಎರಡೂ ಅಲ್ಲ. ವೈದ್ಯಶಾಸ್ತ್ರದಲ್ಲಿ ಇಷ್ಟು ದಾರಿ ತಪ್ಪಿಸುವ ಹೆಸರು ಇನ್ನೊಂದಿಲ್ಲ ಎನ್ನಬಹುದು. ಮೊದಲು ಲೂಪಸ್ ರೋಗಿಗಳಲ್ಲಿ ಕಂಡದ್ದರಿಂದ ಲೂಪಸ್ ಸೇರಿಕೊಂಡಿತು. ಲ್ಯಾಬಿನ ಕೊಳವೆಯಲ್ಲಿ ರಕ್ತ ತಡವಾಗಿ ಹೆಪ್ಪುಗಟ್ಟುವುದರಿಂದ ಆಂಟಿಕೋಗ್ಯುಲೆಂಟ್ ಬಂತು. ದೇಹದೊಳಗೆ ಮಾತ್ರ ಅದು ಮಾಡುವುದು ಸರಿಯಾಗಿ ಉಲ್ಟಾ.

ಪರೀಕ್ಷೆ ನಡೆಯುವ ಬಗೆಯೇ ಸೊಗಸಾಗಿದೆ. ನಿಮ್ಮ ರಕ್ತದ ಪ್ಲಾಸ್ಮಾಕ್ಕೆ ಕೊಳಕುಮಂಡಲ ಹಾವಿನ ವಿಷವನ್ನು ತೀರಾ ತೆಳುವಾಗಿ ಬೆರೆಸುತ್ತಾರೆ. ಆ ವಿಷ ಹೆಪ್ಪುಗಟ್ಟುವ ಸರಪಳಿಯ ನಡುವಿನ ಕೊಂಡಿಯನ್ನೇ ನೇರವಾಗಿ ಎಬ್ಬಿಸುತ್ತದೆ. ಮುಂದಿನ ಕೆಲಸಕ್ಕೆ ಸ್ವಲ್ಪ ಫಾಸ್ಫೋಲಿಪಿಡ್ ಬೇಕು, ಅದನ್ನೂ ಅಳೆದು ತೂಗಿ ಕೊಂಚವೇ ಹಾಕಿರುತ್ತಾರೆ. ಪ್ರತಿಕಾಯ ಇದ್ದರೆ ಆ ಕೊಂಚವನ್ನು ಅದು ಹಿಡಿದುಕೊಂಡು ಕೂರುತ್ತದೆ, ಹೆಪ್ಪುಗಟ್ಟಲು ತಡವಾಗುತ್ತದೆ. ಆಮೇಲೆ ಆರೋಗ್ಯವಂತರ ಪ್ಲಾಸ್ಮಾ ಸಮಸಮ ಬೆರೆಸಿ ನೋಡುತ್ತಾರೆ. ಆಗಲೂ ತಡವಾದರೆ ಕೊರತೆಯಲ್ಲ, ಏನೋ ತಡೆಯುತ್ತಿದೆ ಎಂದರ್ಥ. ಕೊನೆಗೆ ಫಾಸ್ಫೋಲಿಪಿಡ್ ಧಾರಾಳವಾಗಿ ಸುರಿಯುತ್ತಾರೆ. ಪ್ರತಿಕಾಯ ಎಷ್ಟೆಂದು ಹಿಡಿದೀತು? ಸಮಯ ಸರಿಹೋಗುತ್ತದೆ. ಕಳ್ಳ ಸಿಕ್ಕಿಬಿದ್ದ.

ಹೆಪಾರಿನ್, ವಾರ್ಫರಿನ್‌ನಂಥ ಹೆಪ್ಪು ತಡೆಯುವ ಮದ್ದು ತೆಗೆದುಕೊಳ್ಳುತ್ತಿದ್ದರೆ ಈ ಪರೀಕ್ಷೆ ಹಾದಿ ತಪ್ಪಬಹುದು. ಬಸುರಿನಲ್ಲೂ ರಕ್ತದ ಸ್ವಭಾವ ಬದಲಾಗಿರುವುದರಿಂದ ಫಲಿತಾಂಶವನ್ನು ಎಚ್ಚರದಿಂದ ಓದಬೇಕು. ಯಾವ ಮದ್ದು ತೆಗೆದುಕೊಳ್ಳುತ್ತಿದ್ದೀರಿ ಎಂದು ಲ್ಯಾಬಿನವರಿಗೆ ತಪ್ಪದೆ ಹೇಳಿ.

ಬಸುರಿನ ತಪಾಸಣೆಯಲ್ಲಿ ವಿಡಿಆರ್‌ಎಲ್ ಪಾಸಿಟಿವ್ ಬಂತು. ಇದಕ್ಕೂ ಅದಕ್ಕೂ ಸಂಬಂಧವಿದೆಯಂತೆ?

ಇರಬಹುದು. ವಿಡಿಆರ್‌ಎಲ್ ಸಿಫಿಲಿಸ್ ಪತ್ತೆಗೆ ಮಾಡುವ ಪರೀಕ್ಷೆ. ಅದರಲ್ಲಿ ಬಳಸುವುದು ಹಸುವಿನ ಹೃದಯದಿಂದ ತೆಗೆದ ಕಾರ್ಡಿಯೊಲಿಪಿನ್. ಆಂಟಿಕಾರ್ಡಿಯೊಲಿಪಿನ್ ಪ್ರತಿಕಾಯ ಇರುವವರಲ್ಲಿ ಸಿಫಿಲಿಸ್ ಇಲ್ಲದೆಯೂ ಇದು ಪಾಸಿಟಿವ್ ಬರಬಹುದು. ಸಿಫಿಲಿಸ್‌ಗೇ ಮೀಸಲಾದ ಇನ್ನೊಂದು ಪರೀಕ್ಷೆಯಿಂದ ವಿಷಯ ಇತ್ಯರ್ಥವಾಗುತ್ತದೆ. ಅದಾಗುವ ಮೊದಲು ಮನೆಯಲ್ಲಿ ಒಬ್ಬರ ಮೇಲೊಬ್ಬರು ಅನುಮಾನ ಪಡಬೇಡಿ. ಹಾಗೆಂದು ಎರಡನೇ ಪರೀಕ್ಷೆ ಬಿಡಲೂ ಬೇಡಿ, ಸಿಫಿಲಿಸ್ ಇದ್ದರೆ ಅದಕ್ಕೆ ಚಿಕಿತ್ಸೆ ಇದೆ.

ಮೂರೂ ಪಾಸಿಟಿವ್ ಬಂದಿವೆ. ನನಗೆ ಮಗು ಆಗುವುದೇ ಇಲ್ಲವೇ?

ಆಗುತ್ತದೆ ಎನ್ನುವ ಸಾಧ್ಯತೆಯೇ ಹೆಚ್ಚು. ಆದರೆ ಅಪಾಯ ಎಲ್ಲರಿಗೂ ಒಂದೇ ಅಲ್ಲ, ಅದನ್ನೂ ಮುಚ್ಚಿಡಬಾರದು. ಮೂರೂ ಪಾಸಿಟಿವ್ ಇರುವವರು, ಜೊತೆಗೆ ಲೂಪಸ್ ಇರುವವರು, ಹಿಂದೆ ಹೆಪ್ಪು ಕಟ್ಟಿದವರು ಹೆಚ್ಚಿನ ಅಪಾಯದ ಗುಂಪು. ಒಂಟಿಯಾಗಿ ನೋಡಿದರೆ ಮೂರರಲ್ಲಿ ಹೆಚ್ಚು ಭಾರದ್ದು ಲೂಪಸ್ ಆಂಟಿಕೋಗ್ಯುಲೆಂಟ್. 2012ರಲ್ಲಿ ಪ್ರಕಟವಾದ ಪ್ರಾಮಿಸ್ ಅಧ್ಯಯನದಲ್ಲಿ ಅದು ಪಾಸಿಟಿವ್ ಇದ್ದವರಲ್ಲಿ ನೂರಕ್ಕೆ 39 ಬಸುರುಗಳಿಗೆ ತೊಡಕು ಬಂತು. ಬೇರೆ ಆಂಟಿಫಾಸ್ಫೋಲಿಪಿಡ್ ಪ್ರತಿಕಾಯಗಳಿದ್ದು ಅದೊಂದು ಇಲ್ಲದಿದ್ದವರಲ್ಲಿ ನೂರಕ್ಕೆ 3 ಮಾತ್ರ.

ಚಿಕಿತ್ಸೆ ಏನು?

ಹಳೆಯ ಜೋಡಿಯೇ: ಕಡಿಮೆ ಡೋಸಿನ ಆಸ್ಪಿರಿನ್ ಮತ್ತು ಹೆಪಾರಿನ್ ಚುಚ್ಚುಮದ್ದು. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮತ್ತೆ ಮತ್ತೆ ಗರ್ಭಪಾತವಾಗಿದ್ದ, ಪ್ರತಿಕಾಯ ಇದ್ದ 90 ಹೆಂಗಸರಿದ್ದರು. ಆಸ್ಪಿರಿನ್ ಮಾತ್ರ ತೆಗೆದುಕೊಂಡವರಲ್ಲಿ ನೂರಕ್ಕೆ 42 ಮಂದಿಗೆ ಜೀವಂತ ಮಗು ಹುಟ್ಟಿತು. ಎರಡೂ ತೆಗೆದುಕೊಂಡವರಲ್ಲಿ ನೂರಕ್ಕೆ 71 ಮಂದಿಗೆ.

ಆಸ್ಪಿರಿನ್ ಗರ್ಭ ನಿಲ್ಲುವ ಮೊದಲೇ ಶುರುವಾಗುವುದುಂಟು. ಹೆಪಾರಿನ್ ಸಾಮಾನ್ಯವಾಗಿ ಬಸುರು ಖಚಿತವಾದೊಡನೆ. ಮಾಸು ಬೇರು ಬಿಡುವ ವಾರಗಳು ಅವೇ ಆಗಿರುವುದರಿಂದ ಇಷ್ಟು ಅವಸರ. ಹಿಂದೆ ಹೆಪ್ಪು ಕಟ್ಟಿದವರಿಗೆ ಹೆಪಾರಿನ್ ಡೋಸು ಹೆಚ್ಚು. ವಾರ್ಫರಿನ್ ತೆಗೆದುಕೊಳ್ಳುತ್ತಿರುವವರು ಬಸುರಿನ 6 ವಾರದೊಳಗೇ ಹೆಪಾರಿನ್ನಿಗೆ ಬದಲಾಗಬೇಕು, ಏಕೆಂದರೆ ಆರರಿಂದ ಹನ್ನೆರಡನೇ ವಾರದವರೆಗೆ ವಾರ್ಫರಿನ್ ಮಗುವಿನ ಮೂಳೆ, ಮುಖದ ಬೆಳವಣಿಗೆಯನ್ನು ಕೆಡಿಸಬಲ್ಲದು. ಮುಟ್ಟು ತಪ್ಪಿದ ಕೂಡಲೇ ಪರೀಕ್ಷೆ ಮಾಡಿಕೊಳ್ಳಿ, ಆಮೇಲೆ ನೋಡೋಣ ಎಂದು ಬಿಡಬೇಡಿ. ಮದ್ದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಪ್ರತಿಕಾಯ ಇದೆ, ಆದರೆ ಇಲ್ಲಿಯವರೆಗೆ ಏನೂ ಆಗಿಲ್ಲ ಎನ್ನುವವರಿಗೆ ಹೆಚ್ಚಾಗಿ ಆಸ್ಪಿರಿನ್ ಅಷ್ಟೇ ಸಾಕು.

ಇಂಜೆಕ್ಷನ್ನಿನಿಂದ ಮಗುವಿಗೆ ತೊಂದರೆಯಿಲ್ಲವೇ?

ಹೆಪಾರಿನ್ ಅಣು ದೊಡ್ಡದು, ಮಾಸನ್ನು ದಾಟುವುದಿಲ್ಲ. ತಾಯಿಗೆ ಹೊಟ್ಟೆಯ ಮೇಲೆ ನೀಲಿಗಟ್ಟುವುದು ಮಾಮೂಲು. ದಿನಕ್ಕೊಂದು ಕಡೆ ಬದಲಿಸಿ, ಚುಚ್ಚಿದ ಮೇಲೆ ಉಜ್ಜಬೇಡಿ. ಹೆರಿಗೆಗೆ ಮುಂಚೆ ಯಾವಾಗ ನಿಲ್ಲಿಸಬೇಕು ಎಂಬುದು ಮಾತ್ರ ಮೊದಲೇ ಗೊತ್ತಿರಲಿ. ಬೆನ್ನಿಗೆ ಅರಿವಳಿಕೆ ಕೊಡಬೇಕಾದರೆ ಕೊನೆಯ ಚುಚ್ಚಿನಿಂದ ಇಷ್ಟು ಗಂಟೆ ಕಳೆದಿರಲೇಬೇಕು ಎಂಬ ನಿಯಮವಿದೆ.

ಎರಡೂ ತೆಗೆದುಕೊಂಡೆ, ಆದರೂ ಏಳನೇ ತಿಂಗಳಲ್ಲಿ ಬಿಪಿ ಬಂತು. ಏಕೆ?

ಎರಡು ಬಾಗಿಲು ಎಂದೆನಲ್ಲ, ಉತ್ತರ ಅಲ್ಲಿದೆ. ಕೋಶಗಳ ಮಟ್ಟದ ಪ್ರಯೋಗಗಳಲ್ಲಿ ಹೆಪಾರಿನ್ ಉರಿಯೂತವನ್ನು ತಗ್ಗಿಸಿತು. ಆದರೆ ಅದೇ ಕೋಶಗಳಿಂದ ಎಸ್‌ಫ್ಲ್ಟ್-1 (sFlt-1) ಎಂಬ ಪ್ರೋಟೀನು ಹೆಚ್ಚು ಹೊರಬಂತು. ಹೊಸ ರಕ್ತನಾಳ ಬೆಳೆಸುವ ಅಂಶಗಳನ್ನು ಕಟ್ಟಿಹಾಕುವ ಈ ಪ್ರೋಟೀನು ಪ್ರಿಎಕ್ಲಾಂಪ್ಸಿಯಾದಲ್ಲಿ ತಾಯಿಯ ರಕ್ತದಲ್ಲಿ ಏರಿರುತ್ತದೆ. ಅಂದರೆ ಚಿಕಿತ್ಸೆ ಗರ್ಭಪಾತದ ವಿರುದ್ಧ ಚೆನ್ನಾಗಿ ಕೆಲಸ ಮಾಡಿಯೂ ನಂತರದ ತೊಡಕುಗಳನ್ನು ಪೂರ್ತಿ ತಡೆಯದಿರಬಹುದು. ಇದು ನೀವು ಚುಚ್ಚು ತಪ್ಪಿಸಿದ್ದರಿಂದ ಆದದ್ದಲ್ಲ.

ಮುಂದಿನ ಬಸುರಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಸೇರಿಸುವುದುಂಟು, ಲೂಪಸ್ ಇದ್ದರೆ ಹೇಗೂ ಕೊಡುತ್ತಾರೆ. ಪ್ರತಿಕಾಯ ಪೊರೆಗೆ ಅಂಟುವುದನ್ನು ಅದು ಕಡಿಮೆ ಮಾಡುವುದು, ಕಿತ್ತುಹೋದ ಅನೆಕ್ಸಿನ್ ಹಾಸನ್ನು ಮತ್ತೆ ಹಾಸುವುದು ಲ್ಯಾಬಿನಲ್ಲಿ ಕಂಡಿದೆ. ಟಿಎನ್‌ಎಫ್ ಎಂಬ ಉರಿಯೂತದ ಅಣುವನ್ನು ತಡೆಯುವ ಸೆರ್ಟೊಲಿಜುಮಾಬ್ ಮದ್ದನ್ನು ಲೂಪಸ್ ಆಂಟಿಕೋಗ್ಯುಲೆಂಟ್ ಇರುವ ಬಸುರಿಯರಲ್ಲೇ ಪರೀಕ್ಷಿಸಿದ್ದಾರೆ. ಮಾಸಿನ ಪೆಟ್ಟು ಹೆಪ್ಪಿನಿಂದಷ್ಟೇ ಎಂದು ನಂಬಿ ಕೂತಿದ್ದರೆ ಇಂಥ ಮದ್ದಿನ ಯೋಚನೆಯೇ ಯಾರಿಗೂ ಬರುತ್ತಿರಲಿಲ್ಲ. ಸ್ಟಿರಾಯ್ಡ್ ಕಥೆ ಬೇರೆ: 1997ರ ಇನ್ನೊಂದು ಪ್ರಯೋಗದಲ್ಲಿ ಪ್ರೆಡ್ನಿಸೋನ್ ಗರ್ಭ ಉಳಿಸಲಿಲ್ಲ, ಅವಧಿಗೆ ಮುಂಚಿನ ಹೆರಿಗೆಗಳನ್ನು ಹೆಚ್ಚಿಸಿತು.

ಇದೊಂದೇ ಪ್ರತಿಕಾಯವೇ, ಬೇರೆಯವೂ ಇವೆಯೇ?

ಇವೆ. ಕುತೂಹಲದ್ದು ಪಿ ರಕ್ತಗುಂಪಿನ ಕಥೆ. ತೀರಾ ಅಪರೂಪಕ್ಕೆ ಕೆಲವರ ರಕ್ತಕಣಗಳ ಮೇಲೆ ಪಿ ಗುಂಪಿನ ಗುರುತುಗಳು ಒಂದೂ ಇರುವುದಿಲ್ಲ. ಅವರ ರಕ್ತದಲ್ಲಿ ಆ ಗುರುತುಗಳ ವಿರುದ್ಧ ಪ್ರತಿಕಾಯ ಹುಟ್ಟಿನಿಂದಲೆಂಬಂತೆ ಇದ್ದೇ ಇರುತ್ತದೆ, ರಕ್ತ ಹಾಕಿಸಿಕೊಂಡಿರಬೇಕೆಂದಿಲ್ಲ. ಆ ಗುರುತುಗಳು ದಟ್ಟವಾಗಿರುವುದು ಎಲ್ಲಿ ಎಂದರೆ ಎಳೆಯ ಮಾಸಿನಲ್ಲಿ! ಮೊದಲ ತಿಂಗಳುಗಳಲ್ಲೇ ಗರ್ಭಪಾತಗಳಾಗುತ್ತವೆ. ಪ್ಲಾಸ್ಮಾ ಬದಲಿಸಿ ಪ್ರತಿಕಾಯದ ಮಟ್ಟ ಇಳಿಸಿದಾಗ ಮಕ್ಕಳು ಉಳಿದ ಉದಾಹರಣೆಗಳಿವೆ. ಮಾಸಿಗೆ ನೇರವಾಗಿ ಪೆಟ್ಟು ಕೊಡುವ ಪ್ರತಿಕಾಯಕ್ಕೆ ಇದಕ್ಕಿಂತ ನಿಚ್ಚಳ ಉದಾಹರಣೆ ಇಲ್ಲ.

ಪ್ರಿಎಕ್ಲಾಂಪ್ಸಿಯಾ ಬಂದವರ ರಕ್ತದಲ್ಲಿ ಆಂಜಿಯೊಟೆನ್ಸಿನ್ ಗ್ರಾಹಿಗೆ ಅಂಟಿ ಅದನ್ನು ಒತ್ತಿ ಹಿಡಿಯುವ ಪ್ರತಿಕಾಯವನ್ನು 1999ರಲ್ಲಿ ವರದಿ ಮಾಡಿದರು. ಇದು ಇನ್ನೂ ಸಂಶೋಧನೆಯ ವಿಷಯ, ಮಾಮೂಲು ಪರೀಕ್ಷೆಯಲ್ಲ. ಆಂಟಿ ರೋ ಪ್ರತಿಕಾಯ ಮಾಸಿಗೆ ಏನೂ ಮಾಡದೆ ಅದನ್ನು ದಾಟಿ ಹೋಗಿ, ನೂರರಲ್ಲಿ ಒಂದೆರಡು ಮಕ್ಕಳ ಹೃದಯಬಡಿತದ ದಾರಿಯನ್ನು ಕೆಡಿಸುತ್ತದೆ. ಥೈರಾಯ್ಡ್ ಪ್ರತಿಕಾಯಗಳಿರುವವರಲ್ಲಿ ಗರ್ಭಪಾತ ಸ್ವಲ್ಪ ಹೆಚ್ಚು. ಆದರೆ ಹಾರ್ಮೋನು ಮಟ್ಟ ಸರಿಯಾಗಿರುವಾಗ ಥೈರಾಕ್ಸಿನ್ ಕೊಟ್ಟು ಪ್ರಯೋಜನವಾಗಲಿಲ್ಲ ಎಂದು 2019ರ ಟ್ಯಾಬ್ಲೆಟ್ ಪ್ರಯೋಗ ತೋರಿಸಿತು.

ಎನ್‌ಕೆ ಕೋಶದ ಪರೀಕ್ಷೆ, ಇಮ್ಯೂನ್ ಪ್ಯಾಕೇಜ್ ಎಂದೆಲ್ಲ ಹೇಳುತ್ತಿದ್ದಾರೆ. ಮಾಡಿಸಲೇ?

ನನ್ನ ಅಭಿಪ್ರಾಯ ಕೇಳಿದರೆ, ಮೇಲೆ ಹೇಳಿದ ಮೂರು ಪರೀಕ್ಷೆಗಳನ್ನು ಸರಿಯಾಗಿ ಎರಡು ಸಲ ಮಾಡಿಸಿ, ಆ ಪ್ಯಾಕೇಜಿನ ದುಡ್ಡು ಉಳಿಸಿ. ತೋಳಿನಿಂದ ತೆಗೆದ ರಕ್ತದಲ್ಲಿನ ಎನ್‌ಕೆ (ನ್ಯಾಚುರಲ್ ಕಿಲ್ಲರ್ ಎಂಬ ಬಿಳಿ ರಕ್ತಕಣ) ಕೋಶಗಳ ಎಣಿಕೆ ಗರ್ಭಕೋಶದೊಳಗಿನ ಎನ್‌ಕೆ ಕೋಶಗಳ ಬಗ್ಗೆ ಏನೂ ಹೇಳುವುದಿಲ್ಲ. ಹೆಸರು ಒಂದೇ, ಸ್ವಭಾವ ಬೇರೆ. ಗರ್ಭಕೋಶದವು ಕೊಲ್ಲುವುದಕ್ಕಿಂತ ಹೆಚ್ಚಾಗಿ ಆ ಸುರುಳಿ ನಾಳಗಳನ್ನು ಅಗಲಿಸಲು ಕೈಜೋಡಿಸುತ್ತವೆ. ಮಗುವಿಗಾಗಿ ಹಂಬಲಿಸಿ ಬಂದವರ ಮುಂದೆ ಉದ್ದದ ಪಟ್ಟಿ ಇಟ್ಟು ಎಲ್ಲವನ್ನೂ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ.

ನಾನು ತಿಂದದ್ದು, ಓಡಾಡಿದ್ದು, ಚಿಂತೆ ಮಾಡಿದ್ದು ಕಾರಣವೇ?

ಅಲ್ಲ.

ಯಾವ ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು?

ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮಿಂಚು ಕಂಡಂತಾಗುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಇದ್ದಕ್ಕಿದ್ದಂತೆ ಮುಖ ಊದುವುದು. ಮಗುವಿನ ಒದೆತ ಕಡಿಮೆಯಾದರೆ. ರಕ್ತ ಕಂಡರೆ. ಒಂದೇ ಕಾಲು ಊದಿ ನೋಯುತ್ತಿದ್ದರೆ. ಉಸಿರು ಕಟ್ಟಿದಂತಾದರೆ, ಎದೆನೋವು ಬಂದರೆ. ಮಾತು ತೊದಲಿ, ಕೈಕಾಲು ಸೋತರೆ.

ಹೆರಿಗೆಯಾಯಿತು. ಇನ್ನು ಮುಗಿಯಿತೇ? ಮಗುವಿಗೂ ಇದು ಬರುತ್ತದೆಯೇ?

ಮಾಸು ಹೋಯಿತು, ಪ್ರತಿಕಾಯ ನಿಮ್ಮ ರಕ್ತದಲ್ಲೇ ಇದೆ. ಹೆರಿಗೆಯ ನಂತರದ ವಾರಗಳಲ್ಲಿ ಹೆಪ್ಪುಗಟ್ಟುವ ಅಪಾಯ ಬಸುರಿಗಿಂತಲೂ ಹೆಚ್ಚು. ಆದ್ದರಿಂದ ಹೆಪಾರಿನ್ನನ್ನು ಸಾಮಾನ್ಯವಾಗಿ ಇನ್ನೂ 6 ವಾರ ಮುಂದುವರಿಸುತ್ತಾರೆ. ಹಿಂದೆ ಹೆಪ್ಪು ಕಟ್ಟಿದವರು ವಾರ್ಫರಿನ್ನಿಗೆ ಮರಳುತ್ತಾರೆ. ಎರಡರಲ್ಲಿ ಯಾವುದಿದ್ದರೂ ಎದೆಹಾಲು ಕೊಡಬಹುದು. ಗರ್ಭನಿರೋಧಕಕ್ಕೆ ಈಸ್ಟ್ರೊಜೆನ್ ಇರುವ ಮಾತ್ರೆ ಬೇಡ, ಕಾಪರ್-ಟಿ ಅಥವಾ ಪ್ರೊಜೆಸ್ಟೆರೋನ್ ಮಾತ್ರೆ ಆಗಬಹುದು.

ಐಜಿಜಿ ಬಗೆಯ ಪ್ರತಿಕಾಯ ಮಾಸನ್ನು ದಾಟುತ್ತದೆ, ಹಾಗಾಗಿ ಹುಟ್ಟಿದ ಮಗುವಿನ ರಕ್ತದಲ್ಲೂ ಸಿಗಬಹುದು. ಅದು ಮಗು ತಯಾರಿಸಿದ್ದಲ್ಲ, ನಿಮ್ಮಿಂದ ಎರವಲು ಬಂದದ್ದು. ತೊಂದರೆಯಾಗುವುದು ತೀರಾ ಅಪರೂಪ. ಮೊದಲ ವರ್ಷ ತುಂಬುವ ಹೊತ್ತಿಗೆ ಸಾಮಾನ್ಯವಾಗಿ ಅದು ಕರಗಿಹೋಗಿರುತ್ತದೆ.